ಗೆರೆ ಹೋದರೆ ತಪ್ಪು ಹೋಯಿತೇ?
ಬ್ರೌಸರ್‌ನ ವ್ಯಾಕರಣ ಪರೀಕ್ಷಕವನ್ನು ಬಳಸುವ ಬಗೆ



ಮುಳಬಾಗಿಲಿನ ಪದವಿ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕಾಗಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದಿದ್ದಳು. ಅದನ್ನು ಕಳುಹಿಸಬೇಕಾದ ದಿನದ ಹಿಂದಿನ ಸಂಜೆ ನನಗೆ ತೋರಿಸಲು ತಂದಳು. "ಸಾರ್, ಎಲ್ಲಾ ಗೆರೆ ಹೋಗಿದೆ. ಒಂದು ತಪ್ಪೂ ಇಲ್ಲ. ಸುಮ್ಮನೆ ಒಂದು ಸಲ ನೋಡಿಬಿಡಿ" ಎಂದಳು. ಅರ್ಜಿಯನ್ನು ಅವಳು ಗೂಗಲ್ ಡಾಕ್ಸ್‌ನಲ್ಲಿ ಟೈಪು ಮಾಡಿ, ಬ್ರೌಸರ್‌ಗೆ ಸೇರಿಸಿಕೊಂಡಿದ್ದ ಒಂದು ವ್ಯಾಕರಣ ಪರೀಕ್ಷಕದಿಂದ ತಿದ್ದಿಸಿದ್ದಳು. ನಿಜಕ್ಕೂ ಒಂದೂ ಗೆರೆ ಇರಲಿಲ್ಲ. ಆದರೆ ಮೂರನೆಯ ಸಾಲಿಗೆ ಬಂದಾಗ ನಾನು ನಿಂತೆ. ಅಲ್ಲಿ "ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್ ಫಾರ್ ಮೈ ಸ್ಟಡೀಸ್" ಎಂದಿತ್ತು. ಅಂದರೆ, "ನನ್ನ ಓದಿಗಾಗಿ ನಾನು ಕಷ್ಟಪಟ್ಟಿದ್ದೇ ಇಲ್ಲ!"

"ಏನಮ್ಮಾ, ಹೀಗೆ ಬರೆದಿದ್ದೀಯಲ್ಲ?" ಎಂದು ಕೇಳಿದೆ. ಅವಳು ಮೊದಲು ಬರೆದದ್ದು "ಐ ಹ್ಯಾವ್ ವರ್ಕ್ಡ್ ಹಾರ್ಡ್ಲಿ" ಎಂದು. 'ಹಾರ್ಡ್' ಎಂಬುದಕ್ಕೆ ಕ್ರಿಯಾವಿಶೇಷಣ ಮಾಡಲು 'ಲಿ' ಸೇರಿಸಬೇಕೆಂದು ಶಾಲೆಯಲ್ಲಿ ಕಲಿತ ನಿಯಮವನ್ನು ಅವಳು ಪ್ರಾಮಾಣಿಕವಾಗಿ ಪಾಲಿಸಿದ್ದಳು. ಆದರೆ ಇಂಗ್ಲಿಷಿನಲ್ಲಿ 'ಹಾರ್ಡ್' ಎಂಬ ಪದವೇ ಕ್ರಿಯಾವಿಶೇಷಣವೂ ಹೌದು. 'ಹಾರ್ಡ್ಲಿ' ಎಂದರೆ 'ಇಲ್ಲವೆಂಬಷ್ಟು ಕಡಿಮೆ' ಎಂಬ ಬೇರೆಯೇ ಅರ್ಥ. ಯಂತ್ರವು ಆ ಪದ ವಾಕ್ಯದಲ್ಲಿ ಇರಬೇಕಾದ ಜಾಗದಲ್ಲಿಲ್ಲ ಎಂದು ಗುರುತಿಸಿ, ಅದನ್ನೆತ್ತಿ ಸರಿಯಾದ ಜಾಗದಲ್ಲಿಟ್ಟಿತು. ವ್ಯಾಕರಣ ಸರಿಯಾಯಿತು, ಗೆರೆ ಹೋಯಿತು, ಅರ್ಥ ತಲೆಕೆಳಗಾಯಿತು. ಮರುದಿನ ಅರ್ಜಿ ಹಾಗೆಯೇ ಹೋಗಿದ್ದರೆ ಓದುವವರು ಏನೆಂದುಕೊಳ್ಳುತ್ತಿದ್ದರು?

ಈ ಪ್ರಸಂಗವನ್ನು ಹೇಳಿದ್ದು ಯಂತ್ರವನ್ನು ದೂರುವುದಕ್ಕಲ್ಲ. ಅದೇ ಅರ್ಜಿಯಲ್ಲಿ ಆ ಯಂತ್ರ ಹತ್ತಾರು ತಪ್ಪುಗಳನ್ನು ಸರಿಯಾಗಿಯೇ ತಿದ್ದಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನಮ್ಮ ಬಹುಪಾಲು ವಿದ್ಯಾರ್ಥಿಗಳ ಮನೆಯಲ್ಲಿ ಇಂಗ್ಲಿಷ್ ತಿದ್ದಿಕೊಡುವವರಿಲ್ಲ. ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು, ಮತ್ತೆ ಕೆಲವರಿಗೆ ತಮಿಳು ಅಥವಾ ಉರ್ದು. ಹೀಗಿರುವಾಗ ಬಿಟ್ಟಿಯಾಗಿ ಸಿಗುವ ಒಬ್ಬ ತಿದ್ದುಗಾರನನ್ನು ಬೇಡವೆನ್ನುವುದು ಜಾಣತನವಲ್ಲ. ಆದರೆ ಆ ತಿದ್ದುಗಾರನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ತಿಳಿದು ಕೆಲಸಕ್ಕೆ ಕರೆಯಬೇಕು.

ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಬರೆಯುವ ಹಾಳೆ. ಗೂಗಲ್ ಡಾಕ್ಸ್‌ನಂತಹ ಪದಸಂಸ್ಕಾರಕ ನಿಮ್ಮ ಗಣಕದಲ್ಲಿ ಸ್ಥಾಪಿತವಾಗಿರುವುದಿಲ್ಲ. ಬ್ರೌಸರ್‌ನ ಒಂದು ಪುಟವಾಗಿ ತೆರೆದುಕೊಳ್ಳುತ್ತದೆ. ನೀವು ಬರೆದದ್ದು ಆ ಸಂಸ್ಥೆಯ ಗಣಕಗಳಲ್ಲಿ ಉಳಿಯುತ್ತದೆ. 2006ರಲ್ಲಿ ರೈಟ್ಲಿ ಎಂಬ ಪದಸಂಸ್ಕಾರಕವನ್ನು ತಯಾರಿಸಿದ ಸಣ್ಣ ಸಂಸ್ಥೆಯನ್ನು ಗೂಗಲ್ ಕೊಂಡುಕೊಂಡದ್ದೇ ಇದರ ಮೂಲ. ಎರಡನೆಯದು, ಎಕ್ಸ್‌ಟೆನ್ಷನ್. ಇದು ಬ್ರೌಸರ್‌ಗೆ ನಾವು ಹೊರಗಿನಿಂದ ಸೇರಿಸುವ ಚಿಕ್ಕ ತಂತ್ರಾಂಶ. ಉಕ್ರೇನ್ ಮೂಲದ ಮೂವರು 2009ರಲ್ಲಿ ಆರಂಭಿಸಿದ ಗ್ರಾಮರ್ಲಿ, ಜರ್ಮನಿಯ ಡೇನಿಯಲ್ ನಾಬರ್ ತಮ್ಮ 2003ರ ವಿಶ್ವವಿದ್ಯಾಲಯದ ಪ್ರಬಂಧಕ್ಕಾಗಿ ತೊಡಗಿದ ಕೆಲಸದಿಂದ ಬೆಳೆದ ಲ್ಯಾಂಗ್ವೇಜ್‌ಟೂಲ್, ಇವೆರಡು ಹೆಚ್ಚು ಪರಿಚಿತ. ಬರೆಯುವ ಹಾಳೆ ಒಬ್ಬರದು, ತಿದ್ದುವ ಪೆನ್ನು ಇನ್ನೊಬ್ಬರದು ಎಂಬುದನ್ನು ನೆನಪಿಟ್ಟರೆ ಮುಂದಿನ ತೊಡಕುಗಳಲ್ಲಿ ಅರ್ಧ ತಾವಾಗಿಯೇ ಅರ್ಥವಾಗುತ್ತವೆ.

ಕಾಗುಣಿತ ಪರೀಕ್ಷೆಗೂ ವ್ಯಾಕರಣ ಪರೀಕ್ಷೆಗೂ ವ್ಯತ್ಯಾಸವಿದೆ. ಕಾಗುಣಿತ ಪರೀಕ್ಷಕ ಒಂದು ನಿಘಂಟನ್ನು ಇಟ್ಟುಕೊಂಡು, ಈ ಪದ ನನ್ನ ಪಟ್ಟಿಯಲ್ಲಿದೆಯೇ ಎಂದು ಮಾತ್ರ ನೋಡುತ್ತದೆ. 'ಅವನು ಬಂದಳು' ಎಂದು ಬರೆಯಿರಿ. ಅದಕ್ಕೆ ತಕರಾರಿಲ್ಲ, ಎರಡೂ ಪದಗಳು ಸರಿಯಾಗಿವೆಯಲ್ಲ! ಹಾಗೆಯೇ ಇಂಗ್ಲಿಷಿನಲ್ಲಿ 'ಐ ಆ್ಯಮ್ ಫ್ರಮ್ ಮಾಲೂರು' ಎನ್ನಲು ಹೋಗಿ ಅವಸರದಲ್ಲಿ 'ಫಾರ್ಮ್' ಎಂದು ಬೆರಳು ತಪ್ಪಿದರೆ ಕಾಗುಣಿತ ಪರೀಕ್ಷಕ ಸುಮ್ಮನಿರುತ್ತದೆ. ಪದಗಳು ಒಂದರ ಪಕ್ಕದಲ್ಲೊಂದು ಹೊಂದುತ್ತವೆಯೇ ಎಂದು ನೋಡುವುದು ವ್ಯಾಕರಣ ಪರೀಕ್ಷಕದ ಕೆಲಸ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಕೊನೆಗೆ ಸಿದ್ಧವಾದ 'ರೈಟರ್ಸ್ ವರ್ಕ್‌ಬೆಂಚ್' ಇಂಥ ಮೊದಲ ಪ್ರಯತ್ನಗಳಲ್ಲಿ ಒಂದು. ತಪ್ಪು ಪದದ ಕೆಳಗೆ ಅಲೆಯಂಥ ಕೆಂಪು ಗೆರೆ ಮೂಡುವುದನ್ನು ಜನಸಾಮಾನ್ಯರು ಕಂಡದ್ದು ಮೈಕ್ರೋಸಾಫ್ಟ್ ವರ್ಡ್‌ನ 1995ರ ಆವೃತ್ತಿಯಿಂದ.

ಯಂತ್ರ ವಾಕ್ಯವನ್ನು ಹೇಗೆ ಪರೀಕ್ಷಿಸುತ್ತದೆ? ಹಳೆಯ ವಿಧಾನದಲ್ಲಿ ಭಾಷೆ ಬಲ್ಲವರು ಕುಳಿತು ನಿಯಮಗಳನ್ನು ಒಂದೊಂದಾಗಿ ಬರೆದಿಡುತ್ತಾರೆ. 'ಹಿ' ಎಂಬ ಕರ್ತೃವಿನ ಮುಂದೆ 'ಗೋ' ಬಂದರೆ 'ಗೋಸ್' ಎಂದು ಸೂಚಿಸು, ಇತ್ಯಾದಿ. ಲ್ಯಾಂಗ್ವೇಜ್‌ಟೂಲ್ ಬೆಳೆದದ್ದು ಬಹುಮಟ್ಟಿಗೆ ಈ ದಾರಿಯಲ್ಲಿ. ಹೊಸ ವಿಧಾನ ಸ್ವಾರಸ್ಯಕರವಾಗಿದೆ. ಗೂಗಲ್ ಡಾಕ್ಸ್ ತನ್ನದೇ ವ್ಯಾಕರಣ ಸಲಹೆಯನ್ನು 2018ರಲ್ಲಿ ಪ್ರಕಟಿಸಿದಾಗ, ಇದನ್ನು ಅನುವಾದದ ಕೆಲಸವೆಂದೇ ಎಣಿಸಿದ್ದೇವೆ ಎಂದು ತಿಳಿಸಿತು. ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡುವಂತೆ 'ತಪ್ಪು ಇಂಗ್ಲಿಷ್' ಎಂಬ ಭಾಷೆಯಿಂದ 'ಸರಿ ಇಂಗ್ಲಿಷ್' ಎಂಬ ಭಾಷೆಗೆ ಅನುವಾದ! ಲಕ್ಷಾಂತರ ವಾಕ್ಯಗಳನ್ನು ಕಂಡ ಯಂತ್ರ, ಇಂಥ ಜಾಗದಲ್ಲಿ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎಂದು ಲೆಕ್ಕ ಹಾಕುತ್ತದೆ. ಮುಳಬಾಗಿಲಿನ ಹುಡುಗಿ ರಾತ್ರಿಯೆಲ್ಲಾ ಓದಿದ್ದಳೋ ಇಲ್ಲವೋ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ನಮ್ಮವರ ಇಂಗ್ಲಿಷಿನಲ್ಲಿ ಈ ಯಂತ್ರ ಎಲ್ಲಿ ಹೆಚ್ಚು ಉಪಯುಕ್ತವೆಂದರೆ, ಕನ್ನಡದಲ್ಲಿ ಇಲ್ಲದ ವಸ್ತು ಇಂಗ್ಲಿಷಿನಲ್ಲಿ ಇರುವ ಕಡೆ. ನಮಗೆ 'ಎ', 'ಆ್ಯನ್', 'ದಿ' ಎಂಬ ಉಪಪದಗಳಿಲ್ಲ. ಆದ್ದರಿಂದ ಅವುಗಳನ್ನು ಬಿಟ್ಟುಬಿಡುತ್ತೇವೆ, ಇಲ್ಲವೇ ಬೇಡದ ಕಡೆ ತುರುಕುತ್ತೇವೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟುತ್ತದೆ. ಅವರಲ್ಲಿ 'ಇನ್', 'ಆನ್', 'ಅಟ್' ಮುಂದೆ ನಿಲ್ಲುತ್ತವೆ. 'ನನಗೆ ಇಬ್ಬರು ಅಣ್ಣಂದಿರಿದ್ದಾರೆ' ಎಂಬುದನ್ನು 'ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್' ಎಂದೂ, 'ಅದರ ಬಗ್ಗೆ ಚರ್ಚಿಸಿದೆವು' ಎಂಬುದನ್ನು 'ವಿ ಡಿಸ್ಕಸ್ಡ್ ಅಬೌಟ್ ಇಟ್' ಎಂದೂ ಬರೆಯುವುದು ನಮ್ಮಲ್ಲಿ ರೂಢಿ. ಇವುಗಳನ್ನೆಲ್ಲ ಯಂತ್ರ ಬಹಳ ಮಟ್ಟಿಗೆ ಸರಿಯಾಗಿಯೇ ಹಿಡಿಯುತ್ತದೆ. ಒಪ್ಪಿಕೊಳ್ಳಿ.

ಅದು ಎಡವುವುದು ನಮ್ಮ ಬದುಕು ವಾಕ್ಯದೊಳಗೆ ಬಂದಾಗ. ಅದೇ ಅರ್ಜಿಯಲ್ಲಿ ಇನ್ನೊಂದು ವಾಕ್ಯವಿತ್ತು. ಟೊಮೆಟೊ ಬೆಲೆ ಬಿದ್ದಾಗ ಅವಳ ತಂದೆ ಹಣ್ಣನ್ನು ಮಾರುಕಟ್ಟೆಯಲ್ಲೇ ಸುರಿದು ಬರುತ್ತಾರೆ ಎಂದು ಹೇಳಲು ಹೊರಟು, 'ಮೈ ಫಾದರ್ ಈಸ್ ಥ್ರೋಯಿಂಗ್ ಟೊಮೆಟೊ ಆ್ಯಂಡ್ ಕಮಿಂಗ್' ಎಂದು ಬರೆದಿದ್ದಳು. ಯಂತ್ರ ಅದನ್ನು 'ಮೈ ಫಾದರ್ ಥ್ರೋಸ್ ಟೊಮೆಟೋಸ್ ಆ್ಯಂಡ್ ಕಮ್ಸ್' ಎಂದು ಮಾಡಿತು. ವ್ಯಾಕರಣದಲ್ಲಿ ಕೊರತೆಯಿಲ್ಲ. ಆದರೆ ಓದಿದವರಿಗೆ ಅವಳ ತಂದೆ ಯಾರ ಮೇಲೋ ಟೊಮೆಟೊ ಎಸೆದು ಬರುತ್ತಾರೆ ಎನ್ನಿಸೀತು! 'ಸುರಿದು ಬರುತ್ತಾರೆ' ಎಂಬುದರಲ್ಲಿನ 'ಬರು' ನಮ್ಮ ನುಡಿಗಟ್ಟು. ಕೋಲಾರದ ಎಪಿಎಂಸಿ ಅಂಗಳವನ್ನು ಕಂಡವರಿಗೆ ಅದರ ಸಂಕಟ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಇಂಥ ಕಡೆ ವಾಕ್ಯವನ್ನು ಯಂತ್ರದಿಂದ ತಿದ್ದಿಸುವುದರಲ್ಲಿ ಪ್ರಯೋಜನವಿಲ್ಲ. ಮೊದಲಿನಿಂದ ಬೇರೆ ವಾಕ್ಯ ಕಟ್ಟಬೇಕು.

ಊರಿನ ಹೆಸರುಗಳ ಪಾಡು ಇನ್ನೊಂದು ಬಗೆಯದು. 'ಮೂಡಲ ಬಾಗಿಲು' ಎಂಬುದೇ ಮುಳಬಾಗಿಲು ಆಯಿತೆಂದು ನಾವು ಓದಿದ್ದೇವೆ. ಪರೀಕ್ಷಕಕ್ಕೆ ಅದು ಎಲ್ಲೂ ಇಲ್ಲದ ಪದ. ಕೆಂಪು ಗೆರೆ ಎಳೆದು ಅದಕ್ಕೆ ಹತ್ತಿರವಾದ ಬೇರಾವುದೋ ಇಂಗ್ಲಿಷ್ ಪದವನ್ನು ಮುಂದಿಟ್ಟೀತು. ನಿಮ್ಮ ಹೆಸರು, ತಂದೆಯ ಹೆಸರು, ಊರು, ಹೋಬಳಿ ಇವುಗಳನ್ನು 'ನಿಘಂಟಿಗೆ ಸೇರಿಸು' ಎಂಬ ಆಯ್ಕೆಯಿಂದ ಮೊದಲೇ ಸೇರಿಸಿಬಿಡಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಯಂತ್ರ ತಿದ್ದಿದ ಇನ್ನೊಂದು ಹೆಸರು ಆದರೆ ಮುಂದೆ ಅಲೆದಾಟ ತಪ್ಪುವುದಿಲ್ಲ. ಭಾಷೆಯ ಆಯ್ಕೆಯಲ್ಲಿ ಅಮೆರಿಕದ ಇಂಗ್ಲಿಷ್ ಇದ್ದರೆ 'ಕಲರ್', 'ಸೆಂಟರ್' ಮುಂತಾದವುಗಳ ನಮ್ಮ ಪಠ್ಯಪುಸ್ತಕದ ಕಾಗುಣಿತಕ್ಕೂ ಗೆರೆ ಬೀಳುತ್ತದೆ. ಅದನ್ನು ಬ್ರಿಟಿಷ್ ಅಥವಾ ಭಾರತೀಯ ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು. ಹಾಗೆಂದು ನಮ್ಮ ಎಲ್ಲ ರೂಢಿಗಳೂ ಹೊರಗಿನವರಿಗೆ ತಿಳಿಯುತ್ತವೆಂದಲ್ಲ. 'ಐ ಪಾಸ್ಡ್ ಔಟ್ ಇನ್ 2023' ಎಂದರೆ ನಮಗೆ ಪದವಿ ಮುಗಿಸಿದ್ದು; ಅಮೆರಿಕದವರಿಗೆ ಮೂರ್ಛೆ ಹೋದದ್ದು.

ಇನ್ನು ಹಲವರು ಕೇಳುವ ಪ್ರಶ್ನೆ: "ಇ-ಮೇಲ್ ಬರೆಯುವಾಗ ಗೆರೆ ಬರುತ್ತದೆ, ಡಾಕ್ಸ್‌ನಲ್ಲಿ ಮಾತ್ರ ಏಕೆ ಒಮ್ಮೊಮ್ಮೆ ಬರುವುದಿಲ್ಲ?" ಇದಕ್ಕೆ ಕಾರಣ 2021ರಲ್ಲಿ ಆದ ಒಂದು ಬದಲಾವಣೆ. ಹಳೆಯ ಮುದ್ರಣಾಲಯವನ್ನು ಕಲ್ಪಿಸಿಕೊಳ್ಳಿ. ಮೊಳೆ ಜೋಡಿಸಿಟ್ಟ ಚೌಕಟ್ಟು ಕಣ್ಣ ಮುಂದಿದ್ದರೆ ಯಾವ ಮೊಳೆ ತಪ್ಪಾಗಿದೆ ಎಂದು ಮುಟ್ಟಿ ನೋಡಬಹುದು. ಅಚ್ಚಾದ ಹಾಳೆಯ ಛಾಯಾಚಿತ್ರ ಮಾತ್ರ ಕೊಟ್ಟರೆ? ಮೊದಲು ಗೂಗಲ್ ಡಾಕ್ಸ್ ಅಕ್ಷರಗಳನ್ನು ಪುಟದೊಳಗೆ ಮೊಳೆಗಳಂತೆಯೇ ಇಡುತ್ತಿತ್ತು. ಹೊರಗಿನ ಎಕ್ಸ್‌ಟೆನ್ಷನ್ ಅವುಗಳನ್ನು ನೇರವಾಗಿ ಓದುತ್ತಿತ್ತು. 2021ರ ಮೇ ತಿಂಗಳಲ್ಲಿ ಗೂಗಲ್, ಇನ್ನು ಮುಂದೆ ಪುಟವನ್ನು 'ಕ್ಯಾನ್ವಾಸ್' ಎಂಬ ಚಿತ್ರಫಲಕದ ಮೇಲೆ ಬಿಡಿಸಲಾಗುವುದು, ಇದರಿಂದ ಕೆಲವು ಎಕ್ಸ್‌ಟೆನ್ಷನ್‌ಗಳಿಗೆ ತೊಂದರೆಯಾಗಬಹುದು ಎಂದು ಪ್ರಕಟಿಸಿತು. ದೊಡ್ಡ ಕಡತಗಳು ಚುರುಕಾಗಿ ತೆರೆಯಲಿ, ಎಲ್ಲ ಬಗೆಯ ಗಣಕಗಳಲ್ಲೂ ಪುಟ ಒಂದೇ ತೆರನಾಗಿ ಕಾಣಲಿ ಎಂಬುದು ಉದ್ದೇಶ. ಎಕ್ಸ್‌ಟೆನ್ಷನ್ ತಯಾರಿಸುವವರು ಡಾಕ್ಸ್‌ಗಾಗಿಯೇ ಬೇರೆ ದಾರಿ ಹುಡುಕಬೇಕಾಯಿತು. ಆದ್ದರಿಂದಲೇ ಡಾಕ್ಸ್‌ನಲ್ಲಿ ಗೆರೆಗಳು ಕೆಲವೊಮ್ಮೆ ತಡವಾಗಿ ಬರುತ್ತವೆ, ಪದದಿಂದ ಸ್ವಲ್ಪ ಸರಿದು ನಿಲ್ಲುತ್ತವೆ, ಅಥವಾ ಪುಟವನ್ನು ಮತ್ತೊಮ್ಮೆ ತೆರೆಯುವವರೆಗೆ ಕಾಣಿಸುವುದೇ ಇಲ್ಲ. ಆಗ ಗಾಬರಿಪಡಬೇಕಾಗಿಲ್ಲ. ಆದರೆ ಗೆರೆ ಇಲ್ಲದಿರುವುದು ತಪ್ಪಿಲ್ಲದ್ದರಿಂದಲೋ, ಯಂತ್ರ ನೋಡದೇ ಇರುವುದರಿಂದಲೋ ಎಂದು ವಿಚಾರಿಸಬೇಕು. ಬೇಕೆಂದೇ ಒಂದು ತಪ್ಪು ವಾಕ್ಯ ಟೈಪು ಮಾಡಿ ನೋಡಿ. ಗೆರೆ ಬಂದರೆ ಯಂತ್ರ ಎಚ್ಚರವಾಗಿದೆ.

ಡಾಕ್ಸ್‌ಗೆ ತನ್ನದೇ ಪರೀಕ್ಷಕವೂ ಉಂಟು. ಕಾಗುಣಿತಕ್ಕೆ ಕೆಂಪು, ವ್ಯಾಕರಣಕ್ಕೆ ನೀಲಿ ಗೆರೆ. ಅದರ ಮೇಲೆ ಎಕ್ಸ್‌ಟೆನ್ಷನ್ ಗೆರೆಗಳೂ ಸೇರಿದರೆ ಹಾಳೆ ರಂಗೋಲಿಯಾಗುತ್ತದೆ. ಒಂದನ್ನು ಆರಿಸಿಕೊಂಡು, ಡಾಕ್ಸ್‌ನದನ್ನು 'ಟೂಲ್ಸ್' ಪಟ್ಟಿಯಿಂದ ನಿಲ್ಲಿಸಬಹುದು. ಸಣ್ಣ ಪತ್ರ, ನಿಯೋಜಿತ ಪ್ರಬಂಧಗಳಿಗೆ ಡಾಕ್ಸ್‌ನ ಪರೀಕ್ಷಕವೇ ಸಾಕು, ಹೊರಗಿನದನ್ನು ಸೇರಿಸಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹೀಗೆ ಹೇಳಲು ಕಾರಣವಿದೆ. ಎಕ್ಸ್‌ಟೆನ್ಷನ್ ಸೇರಿಸುವಾಗ ಬ್ರೌಸರ್ ಒಂದು ಅನುಮತಿ ಕೇಳುತ್ತದೆ: ನೀವು ಭೇಟಿ ನೀಡುವ ಎಲ್ಲ ತಾಣಗಳಲ್ಲಿನ ಮಾಹಿತಿಯನ್ನು ಇದು ಓದಬಹುದು, ಬದಲಿಸಬಹುದು, ಒಪ್ಪಿಗೆಯೇ? ಹೆಚ್ಚಿನವರು ಓದದೆ ಒಪ್ಪಿಬಿಡುತ್ತಾರೆ. ವಾಕ್ಯವನ್ನು ತಿದ್ದಬೇಕಾದರೆ ಅದನ್ನು ಓದಬೇಕು, ಅದು ಸಹಜ. ಆದರೆ ಸಾಮಾನ್ಯವಾಗಿ ಪರೀಕ್ಷೆ ನಡೆಯುವುದು ನಿಮ್ಮ ಗಣಕದಲ್ಲಲ್ಲ. ನೀವು ಬರೆದ ವಾಕ್ಯ ಆ ಸಂಸ್ಥೆಯ ಗಣಕಕ್ಕೆ ಹೋಗಿ, ಅಲ್ಲಿ ಪರೀಕ್ಷೆಯಾಗಿ, ಸಲಹೆ ಹಿಂದಿರುಗುತ್ತದೆ. ಅಂತರಜಾಲ ಸಂಪರ್ಕ ಕಡಿದಾಗ ಗೆರೆಗಳೂ ನಿಲ್ಲುವುದು ಇದಕ್ಕೇ. 2018ರ ಫೆಬ್ರವರಿಯಲ್ಲಿ ಗೂಗಲ್‌ನ ಸುರಕ್ಷಾ ಸಂಶೋಧಕ ಟ್ಯಾವಿಸ್ ಒರ್ಮಂಡಿ ಗ್ರಾಮರ್ಲಿ ಎಕ್ಸ್‌ಟೆನ್ಷನ್‌ನಲ್ಲಿ ಒಂದು ಲೋಪವನ್ನು ಪತ್ತೆಹಚ್ಚಿದರು. ಬಳಕೆದಾರರ ಗುರುತಿನ ಚೀಟಿಯಂಥ ಸಂಕೇತ ಬೇರೆ ಯಾವುದೇ ತಾಣಕ್ಕೂ ಸಿಗುವಂತಿತ್ತು. ಅದನ್ನು ಹಿಡಿದು ಖಾತೆಯೊಳಗೆ ಉಳಿಸಿದ ಬರಹಗಳನ್ನು ನೋಡಲು ಸಾಧ್ಯವಿತ್ತು. ಆಗ ಅದರ ಬಳಕೆದಾರರು ಸುಮಾರು 2 ಕೋಟಿ 20 ಲಕ್ಷ. ಸಂಸ್ಥೆ ಬಹಳ ಬೇಗ ಲೋಪವನ್ನು ಸರಿಪಡಿಸಿತು, ಅದನ್ನೂ ಹೇಳಬೇಕು. ಆದರೂ ಕಾಣದ ಒಬ್ಬರಿಗೆ ನಮ್ಮ ಹಾಳೆಯನ್ನು ಓದಲು ಕೊಡುತ್ತಿದ್ದೇವೆಂಬ ಅರಿವು ಇರಬೇಕಲ್ಲವೇ?

ಕ್ರೋಮ್ ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಷನ್ ಚಿಹ್ನೆಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ, ಅದು ಎಲ್ಲ ತಾಣಗಳನ್ನು ಓದಬೇಕೇ, ಈ ತಾಣವನ್ನು ಮಾತ್ರವೇ, ಅಥವಾ ನೀವು ಒತ್ತಿದಾಗ ಮಾತ್ರವೇ ಎಂದು ಆರಿಸಬಹುದು. ಬ್ಯಾಂಕು, ಆಧಾರ್, ವಿದ್ಯಾರ್ಥಿವೇತನದ ಸರ್ಕಾರಿ ತಾಣಗಳಲ್ಲಿ ಅದಕ್ಕೆ ಕೆಲಸವಿಲ್ಲ. ಸೈಬರ್ ಸೆಂಟರ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಬೇರೆ ಯಾರೋ ಸೇರಿಸಿಟ್ಟ ಎಕ್ಸ್‌ಟೆನ್ಷನ್ ಅಲ್ಲಿ ಕಾದು ಕುಳಿತಿರಬಹುದು. ಬ್ರೌಸರ್‌ನ 'ಗೆಸ್ಟ್' ಕಿಟಕಿ ತೆರೆದರೆ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ, ಕಿಟಕಿ ಮುಚ್ಚಿದಾಗ ನಿಮ್ಮ ಜಾಡೂ ಆ ಬ್ರೌಸರ್‌ನಲ್ಲಿ ಉಳಿಯುವುದಿಲ್ಲ. ನಿಮ್ಮಲ್ಲಿ ಹಲವರ ಬಳಿ ಇರುವುದು ಫೋನು ಮಾತ್ರ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಸೇರಿಸಲು ಬರುವುದಿಲ್ಲ. ಅಲ್ಲಿ ಡಾಕ್ಸ್ ಆ್ಯಪ್‌ನ ಪರೀಕ್ಷಕವನ್ನು ಬಳಸಬಹುದು.

ಕನ್ನಡಕ್ಕೆ ಇಂಥದ್ದು ಇದೆಯೇ? ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಎರಡೂ ಕನ್ನಡದ ವ್ಯಾಕರಣವನ್ನು ಪರೀಕ್ಷಿಸುವುದಿಲ್ಲ. ಕಾಗುಣಿತ ಪರೀಕ್ಷೆಯ ಮಟ್ಟದಲ್ಲಿ ಕೆಲಸ ನಡೆದಿದೆ. ಆದರೆ ಕನ್ನಡದಲ್ಲಿ ಅದೂ ಸುಲಭವಲ್ಲ. ಇಂಗ್ಲಿಷಿನವರು ಎರಡು ಮೂರು ಬಿಡಿಪದಗಳಲ್ಲಿ ಹೇಳುವುದನ್ನು ನಾವು 'ಮುಳಬಾಗಿಲಿನಿಂದಲೇ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. 'ಹೋಗು' ಎಂಬ ಒಂದು ಧಾತುವಿನಿಂದ 'ಹೋದೆ'ಯಿಂದ ಹಿಡಿದು 'ಹೋಗಬೇಕಾಗಿದ್ದವರಿಗೂ' ಎಂಬವರೆಗೆ ಎಷ್ಟು ರೂಪಗಳು! ಎಲ್ಲವನ್ನೂ ಪಟ್ಟಿ ಮಾಡಿದ ನಿಘಂಟು ಆಗದ ಮಾತು. ಹಂಗೇರಿಯನ್ ಭಾಷೆಯೂ ಹೀಗೆಯೇ ಪ್ರತ್ಯಯ ಅಂಟಿಸುವ ಭಾಷೆ. ಆ ನಾಡಿನ ಲಾಸ್ಲೊ ನೆಮೆತ್ ರೂಪಿಸಿದ 'ಹನ್‌ಸ್ಪೆಲ್' ಎಂಬ ತಂತ್ರಾಂಶ ಮೂಲಪದಗಳನ್ನು ಒಂದು ಕಡೆ, ಪ್ರತ್ಯಯ ಸೇರುವ ನಿಯಮಗಳನ್ನು ಇನ್ನೊಂದು ಕಡೆ ಇಟ್ಟು ಈ ತೊಡಕನ್ನು ಬಿಡಿಸಿತು. ಕನ್ನಡದ ಮುಕ್ತ ಕಾಗುಣಿತ ಪಟ್ಟಿಯನ್ನೂ ಅದಕ್ಕೆ ಹೊಂದಿಸಲಾಗಿದೆ. 13ನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಎಂದು ಪ್ರಕರಣ ಪ್ರಕರಣವಾಗಿ ನಿಯಮಗಳನ್ನು ಬೇರ್ಪಡಿಸಿದ್ದೂ ಇಂಥದ್ದೇ ವಿಂಗಡಣೆ. ಆದರೆ ಅದು ಹಳಗನ್ನಡಕ್ಕೆ. ಇಂದಿನ ಕನ್ನಡದ ನಿಯಮಗಳನ್ನು ಯಂತ್ರಕ್ಕೆ ತಿಳಿಯುವಂತೆ ಪೂರ್ತಿಯಾಗಿ ಬರೆಯುವ ಕೆಲಸ ನಿಮ್ಮಂಥವರಿಗಾಗಿ ಬಾಕಿ ಇದೆ.

ಕನ್ನಡ ಬರೆಯುವವರಿಗೆ ಒಂದು ಚಿಕ್ಕ ಸೂಚನೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪ್ರಬಂಧವನ್ನು ಡಾಕ್ಸ್‌ಗೆ ತಂದು ಅಂಟಿಸಿದರೆ ಕನ್ನಡ ಮಾಯವಾಗಿ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಪಾಪ, ಇಂಗ್ಲಿಷ್ ಪರೀಕ್ಷಕ ಅದನ್ನೂ ಇಂಗ್ಲಿಷೆಂದೇ ತಿಳಿದು ಗೆರೆಯ ಮೇಲೆ ಗೆರೆ ಎಳೆಯುತ್ತದೆ! ಅದರ ಸಲಹೆ ಒಪ್ಪಿದರೆ ಬರಹ ಕೆಟ್ಟೇಹೋಗುತ್ತದೆ. ಮೊದಲು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ ಆಮೇಲೆ ಅಂಟಿಸಬೇಕು.

ಮತ್ತೆ ನಮ್ಮ ವಿದ್ಯಾರ್ಥಿನಿಯ ಅರ್ಜಿಗೆ ಬರೋಣ. ಡಾಕ್ಸ್‌ನಲ್ಲಿ 'ವರ್ಷನ್ ಹಿಸ್ಟರಿ' ಎಂಬ ಸೌಲಭ್ಯವಿದೆ. ಹಾಳೆ ಮೊದಲು ಹೇಗಿತ್ತು ಎಂಬುದನ್ನು ಹಿಂದಕ್ಕೆ ಹೋಗಿ ನೋಡಬಹುದು. ಅವಳು ಮೊದಲು ಬರೆದದ್ದನ್ನೂ ಯಂತ್ರ ತಿದ್ದಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದು ತಿದ್ದುಪಡಿಗೂ "ಏಕೆ?" ಎಂದು ಕೇಳುತ್ತಾ ಹೋದೆವು. ಉತ್ತರ ಗೊತ್ತಾದದ್ದನ್ನು ಅವಳು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು. ಪರೀಕ್ಷಾ ಕೊಠಡಿಯಲ್ಲಿ ಪೆನ್ನಿನ ತುದಿಗೆ ಕೆಂಪು ಗೆರೆ ಬರುವುದಿಲ್ಲವಲ್ಲ! ಉತ್ತರ ಗೊತ್ತಾಗದ ಎರಡು ವಾಕ್ಯಗಳನ್ನು ಅಳಿಸಿ, ಹೇಳಬೇಕೆಂದಿದ್ದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿ, ಬಳಿಕ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸಿದೆ. ಕಾಲೇಜು ಮೆಟ್ಟಿಲು ಹತ್ತದ ಡಿ.ವಿ. ಗುಂಡಪ್ಪನವರು ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ, ಮುಂದೆ ಬೆಂಗಳೂರಿನಲ್ಲಿ 'ದಿ ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು, ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳಾಗಿತ್ತು ಎಂದು ಅವಳಿಗೆ ಹೇಳಿದಾಗ, "ಅವರಿಗೆ ಯಾರು ಸಾರ್ ತಿದ್ದಿಕೊಡ್ತಿದ್ರು?" ಎಂದು ಕೇಳಿದಳು.

ಟೊಮೆಟೊ ವಾಕ್ಯ ಕೊನೆಗೆ ಹೀಗಾಯಿತು: ಬೆಲೆ ಬಿದ್ದ ದಿನ ನನ್ನ ತಂದೆ ಹಣ್ಣನ್ನು ಮಾರುಕಟ್ಟೆಯಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಾರೆ. ಇಂಗ್ಲಿಷಿನಲ್ಲಿ ಅದು ಹದಿನೈದು ಪದಗಳೊಳಗೆ ಮುಗಿಯಿತು. 'ಹಾರ್ಡ್ಲಿ'ಯಲ್ಲಿನ 'ಲಿ' ತೆಗೆದು, 'ಹಾರ್ಡ್' ಅನ್ನು ಅದರ ಮೊದಲಿನ ಜಾಗಕ್ಕೆ ವಾಪಸು ಇಟ್ಟೆವು. ರಾತ್ರಿ ಒಂಬತ್ತರ ಹೊತ್ತಿಗೆ ಅರ್ಜಿ ಸಿದ್ಧವಾಯಿತು.